ಸಹಿ ಹಾಕುವ ಮುಂಚೆ

ಪ್ರಶ್ನೆ: ಸರ್, ನಮ್ಮ ತಾಲ್ಲೂಕಿನ ಬಿ.ಡಿ. ಜತ್ತಿಯವರು ರಾಷ್ಟ್ರಪತಿ ಸ್ಥಾನದಲ್ಲಿದ್ದಾಗ ಒಂದು ಕಾಗದಕ್ಕೆ ಸಹಿ ಹಾಕಲು ಹಿಂದೆಮುಂದೆ ನೋಡಿದ್ದರಂತೆ. ನಮ್ಮ ಅಜ್ಜ ಹೇಳುತ್ತಿರುತ್ತಾರೆ. ನಿಜವೇ? ರಾಷ್ಟ್ರಪತಿ ‘ಒಲ್ಲೆ’ ಅಂದರೆ ಏನಾಗುತ್ತದೆ?
– ಬಿ.ಎ. ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ನಿನ್ನ ಅಜ್ಜ ಹೇಳಿದ್ದು ನಿಜ, ತಂಗಿ. ಸಾವಳಗಿಯ ಜತ್ತಿಯವರು ಆಗ ಉಪರಾಷ್ಟ್ರಪತಿ. 1977ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಆ ಜಾಗಕ್ಕೆ ಜತ್ತಿಯವರು ಹಂಗಾಮಿಯಾಗಿ ಬಂದರು. ಮುಂದಿನ ತಿಂಗಳೇ ಜನತಾ ಸರ್ಕಾರ ಬಂತು. ಲೋಕಸಭೆಯಲ್ಲಿ ಸೋತಿದ್ದ ಕಾಂಗ್ರೆಸ್ ಒಂಬತ್ತು ರಾಜ್ಯಗಳಲ್ಲಿ ಇನ್ನೂ ಅಧಿಕಾರದಲ್ಲಿತ್ತು. ಆ ವಿಧಾನಸಭೆಗಳನ್ನು ವಿಸರ್ಜಿಸಿ ಎಂದು ಮೊರಾರ್ಜಿ ದೇಸಾಯಿ ಸಂಪುಟ ಸಲಹೆ ಕಳಿಸಿತು. ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ಏಪ್ರಿಲ್ 30ರಂದು ಹಾಕಿದರು.

ತಮ್ಮ ಪಕ್ಷ ಉಳಿಸಿಕೊಳ್ಳಲು ತಡ ಮಾಡಿದರು ಅಂತ ಬೈದವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಜನ ಆರಿಸಿದ ಒಂಬತ್ತು ಸಭೆಗಳನ್ನು ಮನೆಗೆ ಕಳಿಸುವ ಕಾಗದ ಅದು. ಸ್ವಲ್ಪ ಹೊತ್ತು ಯೋಚನೆ ಮಾಡಿದರೆ ತಪ್ಪೇನು? ಆದರೆ ಕೊನೆಗೆ ಸಹಿ ಹಾಕಲೇಬೇಕಿತ್ತು. ಸಂಪುಟದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕು ಎಂದು 1976ರ 42ನೇ ತಿದ್ದುಪಡಿ ಬರೆದಿಟ್ಟಿತ್ತು.

ಇದರ ಪಕ್ಕದಲ್ಲಿ 1975ರ ಜೂನ್ 25ರ ರಾತ್ರಿಯನ್ನು ಇಟ್ಟು ನೋಡು. ರಾಷ್ಟ್ರಪತಿ ಫಕ್ರುದ್ದೀನ್ ಅವರ ಮುಂದೆ ತುರ್ತು ಪರಿಸ್ಥಿತಿಯ ಕಾಗದ ಬಂತು, ಸಹಿ ಬಿತ್ತು. ಸಂಪುಟಕ್ಕೆ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ. ‘ಸಂಪುಟದ ತೀರ್ಮಾನ ಎಲ್ಲಿದೆ?’ ಅಂತ ಆ ರಾತ್ರಿ ಒಂದು ಮಾತು ಕೇಳಿದ್ದರೆ! ಕೇಳಲಿಲ್ಲ. ದೇಶ 21 ತಿಂಗಳು ಅನುಭವಿಸಿತು. ಈ ಮಾತು ಬಂದಾಗಲೆಲ್ಲ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಮೇಲೆ, 1978ರಲ್ಲಿ, 44ನೇ ತಿದ್ದುಪಡಿ ಬಂತು. ಈಗ ತುರ್ತು ಪರಿಸ್ಥಿತಿಗೆ ಸಂಪುಟದ ತೀರ್ಮಾನ ಬರವಣಿಗೆಯಲ್ಲೇ ಬರಬೇಕು. ಒಂದು ತಿಂಗಳೊಳಗೆ ಸಂಸತ್ತು ಒಪ್ಪಬೇಕು. ಯಾವುದೇ ಸಲಹೆ ಸರಿ ಕಾಣದಿದ್ದರೆ ರಾಷ್ಟ್ರಪತಿ ‘ಇನ್ನೊಮ್ಮೆ ನೋಡಿ’ ಅಂತ ಒಂದು ಸಲ ವಾಪಸ್ ಕಳಿಸಬಹುದು. ಅದೇ ಮತ್ತೆ ಬಂದರೆ ಒಪ್ಪಲೇಬೇಕು. ಸುಮ್ನೆ ಕಾಗದದ ಮೇಲಿನ ಮಾತಲ್ಲ ಇದು. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಬೇಕು ಅಂದಾಗ ಕೆ.ಆರ್. ನಾರಾಯಣನ್ ವಾಪಸ್ ಕಳಿಸಿದರು. ಸರ್ಕಾರ ಅಲ್ಲಿಗೇ ಬಿಟ್ಟಿತು. ನಮ್ಮ ಕಡೆಯವರೇ ಆದ ಎಸ್.ಆರ್. ಬೊಮ್ಮಾಯಿಯವರ ಕೇಸನ್ನೂ ಓದು. 1989ರಲ್ಲಿ ಸದನದಲ್ಲಿ ಬಹುಮತ ತೋರಿಸಲು ಬಿಡದೆ ಅವರ ಸರ್ಕಾರ ಕಿತ್ತರು. ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ತೀರ್ಮಾನವಾಗಬೇಕು ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಪ್ರಶ್ನೆ: ದಿಲ್ಲಿ ಮಾತು ಇರಲಿ. ನಮ್ಮಂಥ ರೈತರು ಓಟು ಹಾಕಿದರೆ ಮುಗೀತು, ಅಲ್ವಾ?
– ಓದುಗರು, ಇಂಡಿ

ಉತ್ತರ: ಮುಗಿಯಲಿಲ್ಲ, ಅಣ್ಣಾ. ನಾನು ಮೇಷ್ಟ್ರಾಗಿದ್ದ ಒಂದು ಹಳ್ಳಿಯ ಮಾತು ಹೇಳುತ್ತೇನೆ. ಗ್ರಾಮಸಭೆಗೆ ಜನ ಬಂದರು. ಬಂದ ಕೂಡಲೇ ಪುಸ್ತಕ ಮುಂದಿಟ್ಟು ಸಹಿ ಹಾಕಿ ಅಂದರು. ಮೇಲಿನ ಅರ್ಧ ಹಾಳೆ ಖಾಲಿ. ಠರಾವು ಆಮೇಲೆ ಬರೆದುಕೊಳ್ಳುತ್ತಾರಂತೆ! ಹತ್ತು ಹನ್ನೆರಡು ಜನ ಹಾಕಿಯೂ ಆಗಿತ್ತು. ಓದು ಬರಹ ಬಲ್ಲ ನಾನೂ ಹಾಕಿದ್ದೆ. ಅದಕ್ಕೆ ಈಗಲೂ ನಾಚಿಕೆಯಿದೆ.

ಒಬ್ಬ ಮುದುಕಿಯ ಸರದಿ ಬಂತು. ಹೆಬ್ಬೆಟ್ಟಿಗೆ ಮಸಿ ಹಚ್ಚಿಯಾಗಿತ್ತು. ಖಾಲಿ ಹಾಳೆ ನೋಡಿದ ಆಕೆ ಕೈ ಹಿಂದಕ್ಕೆ ತೆಗೆದುಕೊಂಡರು. ‘ಮೊದ್ಲ ಬರೀರಿ, ಓದಿ ಹೇಳ್ರಿ. ಆಮ್ಯಾಲ ಒತ್ತತೀನಿ’ ಅಂದರು. ಕಟ್ಟೆ ಮೇಲೆ ಕೂತಿದ್ದ ಹೆಂಗಸರೆಲ್ಲ ‘ಹೌದ್ರಿ, ಓದ್ರಿ’ ಅಂದರು. ಬರೆಯಲೇಬೇಕಾಯಿತು, ಓದಲೇಬೇಕಾಯಿತು. ಓದಿದಾಗ ಗೊತ್ತಾಯಿತು, ಆಕೆಯ ಓಣಿಯ ಗಟಾರದ ಕೆಲಸ ಪಟ್ಟಿಯಲ್ಲೇ ಇರಲಿಲ್ಲ.

ನೀವೂ ಹಾಗೆ ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು, ಕನ್ನಡದಲ್ಲೇ ಬರೆಯಬಹುದು. ಅರ್ಜಿಯ ಪ್ರತಿ ಒಂದು ಮನೆಯಲ್ಲಿರಲಿ.

ಆ ದಿನ ಗಟಾರದ ಕೆಲಸ ಬರೆಸಿದ ಮೇಲೆಯೇ ಆ ಅಜ್ಜಿ ಹೆಬ್ಬೆಟ್ಟು ಮುಂದೆ ಮಾಡಿದರು. ಅಷ್ಟೊತ್ತಿಗೆ ಮಸಿ ಒಣಗಿತ್ತು. ಮತ್ತೆ ಹಚ್ಚಬೇಕಾಯಿತು.