ಬೂಷ್ಟು ಹಿಡಿದ ಶೂಗೆ ಮೊದಲು ಬೇಕಾದದ್ದು ಪಾಲಿಶ್ ಅಲ್ಲ

ಪ್ರಶ್ನೆ: ಮಗನ ಮದುವೆಗೆಂದು ಕೊಂಡ ಕಂದು ಬಣ್ಣದ ದುಬಾರಿ ಚರ್ಮದ ಶೂಗಳನ್ನು ಡಬ್ಬದಲ್ಲೇ ಇಟ್ಟಿದ್ದೆ. ಮಳೆಗಾಲ ಕಳೆದ ಮೇಲೆ ತೆಗೆದು ನೋಡಿದರೆ ಬಿಳಿ ಬೂಷ್ಟು ಹಿಡಿದಿದೆ. ಬೆರಳು ಮಡಚುವ ಜಾಗದಲ್ಲಿ ಗೆರೆಗಳೂ ಮೂಡಿವೆ. ಇದುವರೆಗೆ ಸ್ಪಂಜಿರುವ ಶೀಶೆಯ ದ್ರವ ಪಾಲಿಶನ್ನೇ ಹಚ್ಚುತ್ತಿದ್ದೆ. ತೆಂಗಿನೆಣ್ಣೆ ಸವರಬಹುದೇ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ತೆಂಗಿನೆಣ್ಣೆ ಬೇಡ. ಅದು ಕಂದು ಚರ್ಮವನ್ನು ಅಲ್ಲಲ್ಲಿ ಕಪ್ಪಾಗಿಸುತ್ತದೆ, ಮೇಲೆ ಹಚ್ಚುವ ಮೇಣ ಹಿಡಿಯದಂತೆಯೂ ಮಾಡುತ್ತದೆ.

ಬೂಷ್ಟು ಒಂದು ಶಿಲೀಂಧ್ರವಾದ್ದರಿಂದ ಅದರ ಮೇಲೆಯೇ ಪಾಲಿಶ್ ಹಚ್ಚಿದರೆ ಅದು ಕಣ್ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಶೂಗಳನ್ನು ಮನೆಯ ಹೊರಗೆ ಒಯ್ದು, ಲೇಸು ಬಿಚ್ಚಿ, ಒಣ ಕುಂಚದಿಂದ ಉಜ್ಜಿ. ಬಳಿಕ ಬಿಳಿ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ. ಬಣ್ಣ ಬಿಡುತ್ತದೆಯೇ ಎಂಬುದನ್ನು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮೊದಲೇ ನೋಡಿಕೊಳ್ಳುವುದು ಕ್ಷೇಮ. ಒಳಗೆ ಹಳೆಯ ಪತ್ರಿಕೆಯ ಹಾಳೆ ತುರುಕಿ ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಒಣಗಿಸಿ. ಅವಸರಕ್ಕೆಂದು ಬಿಸಿಲಿಗಿಟ್ಟರೆ ಅಥವಾ ಹೇರ್ ಡ್ರೈಯರ್ ಹಿಡಿದರೆ ಚರ್ಮದ ಎಣ್ಣೆಯಂಶವೂ ಆರಿ ಅದು ಬಿರಿಯುತ್ತದೆ.

ದ್ರವ ಪಾಲಿಶ್ ಕೂಡಲೇ ಹೊಳಪು ಕೊಡುವುದು ನಿಜ, ಆದರೆ ಅದು ಮೇಲ್ಮೈಯಲ್ಲಿ ತೆಳು ಪೊರೆಯಾಗಿ ಕುಳಿತು, ಮಡಚುವ ಜಾಗದಲ್ಲಿ ಒಡೆಯುತ್ತದೆ. ನೀವು ಕಂಡಿರುವ ಗೆರೆಗಳು ಆ ಪೊರೆಯದ್ದೋ ಚರ್ಮದ್ದೋ ಎಂಬುದು ಚರ್ಮಕ್ಕೆಂದೇ ಇರುವ ಕ್ಲೀನರ್‌ನಿಂದ ಹಳೆಯ ಪದರ ತೆಗೆದಾಗಲೇ ತಿಳಿಯುವುದು. ಬರೀ ಸುಕ್ಕಾಗಿದ್ದರೆ ಚಿಂತೆಯಿಲ್ಲ, ನಡೆದಾಡುವ ಶೂಗೆ ಅದು ಸಹಜ. ನಿಜವಾಗಿ ಬಿರಿದಿದ್ದರೆ ಯಾವ ಕ್ರೀಮೂ ಅದನ್ನು ಕೂಡಿಸದು.

ಇಷ್ಟಾದ ಮೇಲೆ ಪಾಲಿಶಿನ ಮಾತು. ಮೊದಲು ಚರ್ಮವನ್ನು ಮೆದುವಾಗಿಡುವ, ಬಣ್ಣವನ್ನೂ ತುಂಬುವ ಕ್ರೀಮ್ ಪಾಲಿಶನ್ನು ಬಟಾಣಿ ಕಾಳಿನಷ್ಟೇ ತೆಗೆದುಕೊಂಡು ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಕುದುರೆ ಕೂದಲಿನ ಕುಂಚದಿಂದ ಉಜ್ಜಿ. ಡಬ್ಬಿಯ ಗಟ್ಟಿ ಮೇಣದ ಪಾಲಿಶ್ ಹೊಳಪಿಗೆ ಮತ್ತು ನೀರು ತಡೆಯಲು. ಅದನ್ನು ದಪ್ಪಗೆ ಹಚ್ಚುವುದಾದರೆ ಮಡಚದ ತುದಿಗೂ ಹಿಮ್ಮಡಿಗೂ ಮಾತ್ರ ಹಚ್ಚಿ. ಕಪ್ಪು ಶೂಗೆ ಬಳಸಿದ ಕುಂಚವನ್ನು ಇದಕ್ಕೆ ತಾಗಿಸಬೇಡಿ. ರಸ್ತೆ ಬದಿಯಲ್ಲಿ ಪಾಲಿಶ್ ಮಾಡಿಸುವುದಾದರೂ ಈ ಮಾತನ್ನು ಹೇಳಿಯೇ ಕೊಡಿ. ಅವರ ಕೈಚಳಕ ನಮಗಿಂತ ಎಷ್ಟೋ ಮೇಲು, ಆದರೆ ಕುಂಚ ಎಲ್ಲರ ಶೂಗೂ ಒಂದೇ ಇರಬಹುದು.

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲೂ ಮಳೆ ಜೋರಾಗಿರುವುದರಿಂದ ಆ ತಿಂಗಳುಗಳಲ್ಲಿ ಮುಚ್ಚಿದ ಡಬ್ಬ, ಪ್ಲಾಸ್ಟಿಕ್ ಚೀಲ ಎರಡೂ ಬೇಡ. ಹತ್ತಿಯ ಚೀಲದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಗಾಳಿಯಾಡುವ ಕಡೆ ಇಡಿ. ಶೂವಿನ ಅಡಿ (ಸೋಲ್) ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದಾಗಿದ್ದರೆ ಇನ್ನೊಂದು ಮಾತು: ಅಂಥ ಅಡಿ ವರ್ಷಗಟ್ಟಲೆ ಬಳಸದೆ ಇಟ್ಟಾಗಲೂ ತೇವಾಂಶಕ್ಕೆ ಪುಡಿಯಾಗುತ್ತದೆ. ಆದ್ದರಿಂದ ಮುಂದಿನ ಮದುವೆಗೆ ಕಾಯದೆ ಆಗಾಗ ಹಾಕಿಕೊಳ್ಳಿ, ಒಮ್ಮೆ ಹಾಕಿದ ಮೇಲೆ ಬೆವರು ಆರಲು ಒಂದು ದಿನ ಬಿಡಿ.