ಹಳೇ 25 ಮಿ.ಮೀ. ಹಿಂಚ್‌ಲಿಫ್ ಸಿಪಾಯಿಗಳು ಎಲ್ಲೂ ಸಿಗುತ್ತಿಲ್ಲ ಎಂದವರಿಗೆ

ಹಿಂಚ್‌ಲಿಫ್ ಅನ್ನೋ ಬ್ರಿಟಿಷ್ ಕಂಪನಿಯ ಪುಟ್ಟ ಲೋಹದ ಸಿಪಾಯಿ ಬೊಂಬೆಗಳು ನಾಲ್ಕು ಇವೆ, ಅದೇ ಥರದವು ಇನ್ನಷ್ಟು ಬೇಕು ಅಂತ ವಿರಾಜಪೇಟೆಯಿಂದ ಕೇಳಿದ್ದೀರಿ. ಬಹುಶಃ ನೀವು ಹಳೇ ಕಂಪನಿ ಹೆಸರಲ್ಲೇ ಹುಡುಕುತ್ತಿದ್ದೀರಿ, ಬೊಂಬೆ ಎರೆಯುವ ಅಚ್ಚುಗಳು ಕೈ ಬದಲಾಗಿವೆ. ಹಿಂಚ್‌ಲಿಫ್ ಈಗ ಹಿಂಡ್ಸ್ ಫಿಗರ್ಸ್ ಹತ್ತಿರ ಇದೆ, ಇಂಥದೇ ಇನ್ನೊಂದು ಹಳೇ ಕಂಪನಿ ಮಿನಿಫಿಗ್ಸ್ ಕ್ಯಾಲಿವರ್ ಬುಕ್ಸ್‌ಗೆ ಹೋಯಿತು.

ಮೊದಲು ನಿಮ್ಮ ಆ ನಾಲ್ಕು ನೆಪೋಲಿಯನ್ ಕಾಲದ ಸಿಪಾಯಿಗಳ ಬುಡ ನೋಡಿ. ಅಕ್ಷರ, ಅಂಕಿ ಕಂಡರೆ ಅದು ಕ್ಯಾಟಲಾಗ್ ಕೋಡ್ ಇರಬಹುದು. ಬಣ್ಣ ಮುಚ್ಚಿದ್ದರೆ ಹಳೇ ಟೂತ್‌ಬ್ರಶ್‌ನಲ್ಲಿ ಮೆಲ್ಲಗೆ ಉಜ್ಜಿ. ಸೀಸ ಇರುತ್ತದೆ, ಕೈ ತೊಳೆಯಿರಿ. ಕೋಡ್ ಇಲ್ಲದಿದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು, ಹಳೇ ಬೊಂಬೆಗಳ ಚಿತ್ರ ಇರುವ ಲಾಸ್ಟ್ ಮಿನಿಸ್ ವಿಕಿ ಅನ್ನೋ ಜಾಲತಾಣದ ಚಿತ್ರಗಳ ಜೊತೆ ಹೋಲಿಸಿ.

ಆಮೇಲೆ ಕೋಡ್ ಮತ್ತು ಎಷ್ಟು ಬೇಕು ಅಂತ ಬರೆದು ಆ ಕಂಪನಿಯವರನ್ನೇ ನೇರವಾಗಿ ಕೇಳಿ. ಇಂಥ ಸಣ್ಣ ತಯಾರಕರು ಸಾಮಾನ್ಯವಾಗಿ ಆರ್ಡರ್ ಬಂದ ಮೇಲೇ ಎರಕ ಹೊಯ್ಯುತ್ತಾರೆ, ಹಾಗಾಗಿ ಉತ್ತರ ತಡವಾದರೆ ದಿನಾ ಮೇಲ್ ಹಾಕಬೇಡಿ. ವಿರಾಜಪೇಟೆಗೆ ಅಂಚೆ ಖರ್ಚು ಎಷ್ಟಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ, ಕಸ್ಟಮ್ಸ್ ಸುಂಕ ಬೇರೆ ಬೀಳಬಹುದು.

ಅಲ್ಲೂ ಸಿಗದಿದ್ದರೆ ಹಳೇ ಸಾಮಾನು ಮಾರುವ ಬ್ರಿಟನ್ನಿನ ಜಾಲತಾಣ ಇಬೇ ಯುಕೆ ನೋಡಿ. ಕಂಪನಿ ಹೆಸರು ಬಿಟ್ಟು ‘ಓಲ್ಡ್ ಲೆಡ್ ಸೋಲ್ಜರ್ಸ್ 25 ಮಿ.ಮೀ.’ ಅಂತ ಇಂಗ್ಲಿಷಿನಲ್ಲಿ ಹುಡುಕಿ, ಏಕೆಂದರೆ ಅಜ್ಜನ ಪೆಟ್ಟಿಗೆ ಖಾಲಿ ಮಾಡುವವರಿಗೆ ಕಂಪನಿ ಯಾವುದು ಅಂತ ಎಲ್ಲಿ ಗೊತ್ತಿರುತ್ತದೆ? ಈಗಿನ 28 ಮಿ.ಮೀ. ಬೊಂಬೆ ಮಾತ್ರ ತಗೋಬೇಡಿ, ಪಕ್ಕ ನಿಂತರೆ ರಾಕ್ಷಸನ ಹಾಗೆ ಕಾಣುತ್ತದೆ.

ಬಂದ ಮೇಲೆ ಮರದ ಬೀರು, ರಟ್ಟಿನ ಡಬ್ಬದಲ್ಲಿ ಇಡಬೇಡಿ. ನಮ್ಮ ಕೊಡಗಿನ ಮಳೆಗಾಲದ ಥಂಡಿಗೆ ಸೀಸ ಬಿಳಿ ಪುಡಿ ಕಟ್ಟುತ್ತದೆ. ಸಿಲಿಕಾ ಜೆಲ್ ಹಾಕಿದ ಪ್ಲಾಸ್ಟಿಕ್ ಡಬ್ಬ ಸಾಕು.