ನಿದ್ದೆಗೆ ಭಂಗಿ ಎಲೆಯ ಹನಿ ತಗೊಳ್ಳಬಹುದಾ?

ನೀವು ಕೇಳಿರುವುದು ಇಷ್ಟು. ವಯಸ್ಸು ಐವತ್ತರ ಹತ್ತಿರ, ರಾತ್ರಿ ಎರಡು ಹೊಡೆದರೂ ನಿದ್ದೆ ಹತ್ತಲ್ಲ, ಬಿಪಿ ಮಾತ್ರೆ ನಡೆಯುತ್ತಿದೆ, ತೀರಾ ಆಗದಿದ್ದಾಗ ಮಂಪರು ತರಿಸುವ ಅಲ್ಪ್ರಾಜೋಲಾಮ್ ಮಾತ್ರೆ ಒಂದು ನುಂಗುತ್ತೀರಿ. ಈಗ ಆನ್‌ಲೈನಿನಲ್ಲಿ ಭಂಗಿ ಎಲೆಯ ಹನಿ ಕಣ್ಣಿಗೆ ಬಿದ್ದಿದೆ. ತಗೊಂಡರೆ ನಿದ್ದೆ ಬರುತ್ತಾ, ಚಟ ಆಗುತ್ತಾ, ಪೊಲೀಸ್ ಕೇಸ್ ಆಗುತ್ತಾ ಅಂತ ಪ್ರಶ್ನೆ.

ನಾನು ದಾವಣಗೆರೆಯಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಡಾಕ್ಟರ್ ಅಲ್ಲ. ಆದರೆ ನಿದ್ದೆ ಮಾತ್ರೆ ಕೇಳಿಕೊಂಡು ಬರುವವರನ್ನು ದಿನಾ ನೋಡುತ್ತೇನೆ, ಮತ್ತು ಈಚೆಗೆ ಅವರಲ್ಲಿ ಕೆಲವರು ಮೊಬೈಲಿನಲ್ಲಿ ಇದೇ ಬಾಟಲಿಯ ಫೋಟೋ ತೋರಿಸುತ್ತಾರೆ.

ನೇರವಾಗಿ ಹೇಳುವುದಾದರೆ, ನಿದ್ದೆ ಬರುತ್ತದೆ. ಬಹಳ ಜನಕ್ಕೆ ಮೊದಮೊದಲು ಬರುತ್ತದೆ. ಆದರೆ ನೀವು ಬರೆದಿರುವ ಆ ಎರಡು ಮಾತ್ರೆಗಳ ಜೊತೆ ಇದನ್ನು ಸ್ವಂತ ಬುದ್ಧಿಯಿಂದ ಶುರು ಮಾಡಬೇಡಿ.

ಕಾನೂನಿನ ವಿಷಯ ಮೊದಲು ಮುಗಿಸಿಬಿಡೋಣ, ಎಲ್ಲರ ಹೆದರಿಕೆಯೂ ಅದೇ ಅಲ್ವಾ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಅಂದರೆ ಇದೇ ಭಂಗಿ ಗಿಡದ ಹೂವು, ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಅದರಲ್ಲಿ ಸೇರಲ್ಲ. ಗಿಡದ ಅಂಟು, ಅಂದರೆ ಚರಸ್, ಕಾಯ್ದೆಯಡಿ ಬರುತ್ತದೆ. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಭಂಗಿ ಹಿಡಿದ ಕೇಸೊಂದರಲ್ಲಿ ಈ ವ್ಯತ್ಯಾಸವನ್ನೇ ನೋಡಿ ಜಾಮೀನು ಕೊಟ್ಟಿತು. ಎಲೆ ಕಾಯ್ದೆಯ ಹೊರಗಿದೆ ಅನ್ನುವ ಆಧಾರದ ಮೇಲೇ ಆಯುರ್ವೇದ ಕಂಪನಿಗಳು 'ವಿಜಯಾ' ಅನ್ನುವ ಹೆಸರಿನಲ್ಲಿ ಎಲೆಯ ಸಾರ ಮಾರುತ್ತಿವೆ. ಅದಕ್ಕೂ ಷರತ್ತು ಇದೆ. ಔಷಧಿ ನಿಯಮಗಳಲ್ಲಿ ಇ-1 ಅಂತ ಒಂದು ಪಟ್ಟಿ ಇದೆ, ಆಯುರ್ವೇದದಲ್ಲಿ ಬಳಸುವ ವಿಷದ ವಸ್ತುಗಳದ್ದು. ದತ್ತೂರಿ, ಗುಲಗಂಜಿ ಜೊತೆಗೆ ಭಂಗಿಯೂ ಅದರಲ್ಲಿದೆ. ಇಂಥದ್ದು ಹಾಕಿದ ಔಷಧಿಯ ಮೇಲೆ ವೈದ್ಯರ ನಿಗಾದಲ್ಲಿ ತಗೊಳ್ಳಬೇಕು ಅಂತ ಎಚ್ಚರಿಕೆ ಇರಲೇಬೇಕು. ಹಾಗಾಗಿ ಲೈಸೆನ್ಸ್ ನಂಬರ್ ಇರುವ ಬಾಟಲಿ, ನಿಮ್ಮ ಹೆಸರಿನ ಚೀಟಿ, ಬಿಲ್ಲು ಮೂರೂ ಇದ್ದರೆ ಒಂದು ಮಾತು. ಯಾರೋ ಪರಿಚಯದವರು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದು ಕೊಟ್ಟ ಎಣ್ಣೆಯಾದರೆ ಬೇರೆಯೇ ಮಾತು. ಅದರಲ್ಲಿ ಎಲೆ ಇದೆಯೋ ಹೂವು ಇದೆಯೋ ಅಂತ ನಿಮಗೂ ಗೊತ್ತಿರಲ್ಲ, ಕೊಟ್ಟವರಿಗೂ ಗೊತ್ತಿರಲ್ಲ.

ಹಿತ್ತಲಲ್ಲಿ ಒಂದು ಗಿಡ ಹಾಕಿಕೊಂಡು ಮನೆಯಲ್ಲೇ ಮಾಡಿಕೊಂಡರೆ ಹೇಗೆ ಅಂತ ಇನ್ನೊಬ್ಬರು ಕೌಂಟರಿನಲ್ಲೇ ಕೇಳಿದ್ದರು. ಬೇಡ ಮಾರಾಯ್ರೇ. ಅನುಮತಿ ಇಲ್ಲದೆ ಬೆಳೆಯುವುದಕ್ಕೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಂತ ಕಾಯ್ದೆಯಲ್ಲಿದೆ. ಬೆಳೆ ನಡುವೆ ನಾಲ್ಕು ಗಿಡ ಹಾಕಿ ಸಿಕ್ಕಿಬಿದ್ದವರ ಸುದ್ದಿ ಚಿತ್ರದುರ್ಗದ ಕಡೆಯಿಂದ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ಇನ್ನು ಬಾಟಲಿಯೊಳಗಿನ ವಿಷಯ. ನನಗೆ ಮುಖ್ಯ ಅನಿಸುವುದು ಇದೇ. ಈ ಹನಿ ಹೊಸದೇನಲ್ಲ. 1839ರ ಹೊತ್ತಿಗೆ ಕಲ್ಕತ್ತಾದಲ್ಲಿ ಓಶಾಘ್ನೆಸಿ ಅನ್ನುವ ಡಾಕ್ಟರ್ ಇಲ್ಲಿನ ಗಾಂಜಾವನ್ನೇ ಸ್ಪಿರಿಟ್‌ನಲ್ಲಿ ಇಳಿಸಿ ಧನುರ್ವಾಯು, ಕೀಲುನೋವಿನ ರೋಗಿಗಳಿಗೆ ಕೊಟ್ಟು ನೋಡಿ ಬರೆದ. ಅಲ್ಲಿಂದ ಅದು ಇಂಗ್ಲೆಂಡ್, ಅಮೆರಿಕದ ಔಷಧಿ ಅಂಗಡಿಗಳಿಗೆ ಹೋಯಿತು. ನಂತರ ಡಾಕ್ಟರುಗಳು ಅದನ್ನು ಕೈಬಿಡುತ್ತಾ ಬಂದರು. ಕಾನೂನು ಬಿಗಿಯಾಗಿದ್ದು ಒಂದು ಕಾರಣ. ಇನ್ನೊಂದು, ಒಂದು ಬಾಟಲಿಯಲ್ಲಿದ್ದ ಶಕ್ತಿ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಈ ಬಾಟಲಿಯ ಹತ್ತು ಹನಿಗೆ ಏನೂ ಆಗದವನು ಮುಂದಿನ ಬಾಟಲಿಯ ಹತ್ತು ಹನಿಗೆ ತಲೆ ತಿರುಗಿ ಬೀಳುತ್ತಿದ್ದ. ಆ ತೊಂದರೆ ಈಗಲೂ ಪೂರ್ತಿ ಹೋಗಿಲ್ಲ. ಅಮೆರಿಕದಲ್ಲಿ ಆನ್‌ಲೈನಿನಲ್ಲಿ ಮಾರುತ್ತಿದ್ದ 84 ಸಿಬಿಡಿ ಉತ್ಪನ್ನಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿ 2017ರಲ್ಲಿ ವರದಿ ಬರೆದರು. ಲೇಬಲ್‌ಗೆ ಸರಿಹೊಂದಿದ್ದು 26 ಮಾತ್ರ. ಹದಿನೆಂಟರಲ್ಲಿ ಟಿಎಚ್‌ಸಿ ಸಿಕ್ಕಿತು. ಟಿಎಚ್‌ಸಿ ಅಂದರೆ ಗಿಡದಲ್ಲಿ ನಶೆ ಏರಿಸುವ ಅಂಶ, ಸಿಬಿಡಿ ಅಂದರೆ ನಶೆ ಏರಿಸದ ಅಂಶ.

ನಿದ್ದೆಗೆ ಎಳೆಯುವುದು ಮುಖ್ಯವಾಗಿ ಟಿಎಚ್‌ಸಿ. ಸಿಬಿಡಿ ಒಂದರಿಂದಲೇ ನಿದ್ದೆ ಬರುತ್ತದೆ ಅನ್ನುವುದಕ್ಕೆ ಪುರಾವೆ ಅಷ್ಟಕ್ಕಷ್ಟೇ. ಆದ್ದರಿಂದ ಲೇಬಲ್ ಮೇಲೆ ಸುಮ್ನೆ 'ಎಲೆಯ ಸಾರ ಇಷ್ಟು ಮಿಲಿಗ್ರಾಂ' ಅಂತ ಬರೆದಿದ್ದರೆ ಸಾಲದು. ಅದರಲ್ಲಿ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಅಂತ ಬೇರೆ ಬೇರೆಯಾಗಿ ಇರಬೇಕು. ಮೂವತ್ತು ಎಂಎಲ್ ಬಾಟಲಿಯಲ್ಲಿ ಒಟ್ಟು 1000 ಮಿಲಿಗ್ರಾಂ ಅಂದರೆ ಒಂದು ಎಂಎಲ್‌ಗೆ ಸುಮಾರು 33. ಮತ್ತೆ, ಹನಿ ಎಣಿಸಲು ಹೋಗಬೇಡಿ. ಸ್ಪಿರಿಟ್‌ನಲ್ಲಿ ಮಾಡಿದ ಟಿಂಚರಿನ ಹನಿ ಚಿಕ್ಕದು, ನೀರಿನಂಥದ್ದರ ಹನಿ ದಪ್ಪ. ಅಂಗಡಿಯಲ್ಲಿ ಒಂದೇ ಡ್ರಾಪರಿನಲ್ಲಿ ನೀರು, ಸರ್ಜಿಕಲ್ ಸ್ಪಿರಿಟ್ ಎರಡನ್ನೂ ಹಾಕಿ ನೋಡಿದ್ದೇನೆ, ಒಂದು ಎಂಎಲ್‌ಗೆ ಸ್ಪಿರಿಟ್‌ನ ಹನಿ ನೀರಿಗಿಂತ ಎಷ್ಟೋ ಜಾಸ್ತಿ ಬೀಳುತ್ತವೆ. ವೈದ್ಯರು ಚೀಟಿಯಲ್ಲಿ 'ಐದು ಹನಿ' ಅಂತ ಬರೆದರೆ ಎಂಎಲ್‌ನಲ್ಲಿ ಎಷ್ಟು ಅಂತ ಕೇಳಿ, ಗಾಜಿನ ಮೇಲಿನ ಗೆರೆ ನೋಡಿ ಅಳೆಯಿರಿ.

ಎಡವಟ್ಟಾಗುವ ಇನ್ನೊಂದು ಜಾಗ ಸಮಯ. ನಾಲಿಗೆ ಕೆಳಗೆ ಇಟ್ಟುಕೊಂಡರೆ ಕಾಲು ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಕೆಲಸ ಶುರುವಾಗುತ್ತದೆ. ನುಂಗಿಬಿಟ್ಟರೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ರಾತ್ರಿ ಹೊಟ್ಟೆ ತುಂಬಾ ಉಂಡಿದ್ದರೆ ಇನ್ನೂ ತಡ. ಮಂದಿ ಒಂದು ಗಂಟೆ ಕಾಯುತ್ತಾರೆ, ಏನೂ ಆಗಲಿಲ್ಲ ಅಂತ ಇನ್ನಷ್ಟು ಹಾಕಿಕೊಳ್ಳುತ್ತಾರೆ, ಆಮೇಲೆ ಎರಡೂ ಸೇರಿ ಒಟ್ಟಿಗೆ ಏರುತ್ತದೆ. ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಕೆಲವರಿಗೆ ಸತ್ತೇ ಹೋಗುತ್ತೇನೆ ಅನ್ನುವಷ್ಟು ಗಾಬರಿ. ಬೆಳಗ್ಗೆಯೂ ತಲೆ ಭಾರ ಇರುತ್ತದೆ, ಗಾಡಿ ಓಡಿಸುವವರಿಗೆ ಅದು ದೊಡ್ಡ ತೊಂದರೆ.

ನಮ್ಮ ಅಂಗಡಿಗೆ ಬರುವ ಒಬ್ಬರು ಹಿರಿಯರಿದ್ದಾರೆ, ಕಾಟನ್ ಮಿಲ್ಲಿನಲ್ಲಿ ನೈಟ್ ಶಿಫ್ಟ್ ಮಾಡಿ ಮಾಡಿ ನಿದ್ದೆ ಕೆಡಿಸಿಕೊಂಡವರು. ಮಗ ಆನ್‌ಲೈನಿನಲ್ಲಿ ತರಿಸಿಕೊಟ್ಟಿದ್ದ. ವಿಡಿಯೋ ಕಾಲಿನಲ್ಲಿ ಯಾರೋ ವೈದ್ಯರು ಎರಡು ಪ್ರಶ್ನೆ ಕೇಳಿ ಚೀಟಿ ಬರೆದಿದ್ದರಂತೆ, ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಕೇಳಿರಲಿಲ್ಲ. ಮೊದಲು ಚೆನ್ನಾಗಿ ಮಲಗಿದರು. ನನ್ನ ಹತ್ತಿರ ಬಂದು ಹೊಗಳಿದ್ದೂ ಆಯಿತು. ಆಮೇಲೆ ಒಂದು ರಾತ್ರಿ ಬಚ್ಚಲಿಗೆ ಅಂತ ಎದ್ದವರು ಕಣ್ಣು ಕತ್ತಲಿಟ್ಟು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೂತುಬಿಟ್ಟರು. ಮಲಗಿದವರು ಎದ್ದು ನಿಂತಾಗ ಬಿಪಿ ಇಳಿಯುವಂತೆ ಟಿಎಚ್‌ಸಿ ಮಾಡುತ್ತದೆ, ಅದರ ಮೇಲೆ ಬಿಪಿ ಮಾತ್ರೆಯೂ ಇತ್ತು. ಸೊಂಟ ಮುರಿದುಕೊಳ್ಳಲಿಲ್ಲ ಅನ್ನುವುದೇ ಪುಣ್ಯ. ನಿಮಗೆ ನಾನು ಬೇಡ ಅಂದಿದ್ದಕ್ಕೆ ಮೊದಲ ಕಾರಣ ಇದು.

ಎರಡನೇ ಕಾರಣ ಅಲ್ಪ್ರಾಜೋಲಾಮ್. ಎರಡೂ ಮಂಪರು ತರಿಸುವಂಥವು. ಜೊತೆಗೆ, ಕೆಲವು ಮಾತ್ರೆಗಳನ್ನು ಅರಗಿಸುವ ಲಿವರ್‌ನ ಕೆಲಸವನ್ನು ಸಿಬಿಡಿ ನಿಧಾನ ಮಾಡುತ್ತದೆ, ಆಗ ಮಾತ್ರೆ ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಕ್ಲೋಬಜಾಮ್ ತಗೊಳ್ಳುವವರಂತೂ ಹತ್ತಿರ ಸುಳಿಯಬಾರದು. ಮತ್ತೆ, ಹನಿ ಸಿಕ್ಕಿತು ಅಂತ ದಿನಾ ತಗೊಳ್ಳುತ್ತಿದ್ದ ಅಲ್ಪ್ರಾಜೋಲಾಮ್ ಅನ್ನು ಒಂದೇ ದಿನಕ್ಕೆ ಬಿಡಬೇಡಿ. ಹಾಗೆ ಬಿಟ್ಟವರಿಗೆ ಫಿಟ್ಸ್ ಬರುವುದುಂಟು. ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಚಟದ ವಿಷಯ. ದಿನಾ ತಗೊಂಡರೆ ದೇಹ ಒಗ್ಗಿಕೊಳ್ಳುತ್ತದೆ, ಅದೇ ಅಳತೆ ಸಾಲಲ್ಲ. ನಿಲ್ಲಿಸಿದ ಮೇಲೆ ಕೆಲವು ರಾತ್ರಿ ಮೊದಲಿಗಿಂತ ಕೆಟ್ಟದಾಗಿ ನಿದ್ದೆ ಕೆಡುತ್ತದೆ, ವಿಚಿತ್ರ ಕನಸು ಬೀಳುತ್ತವೆ. ಕನಸು ಬೀಳುವ ಹಂತದ ನಿದ್ದೆಯನ್ನು ಟಿಎಚ್‌ಸಿ ಅದುಮಿಟ್ಟಿರುತ್ತದೆ, ಬಿಟ್ಟಾಗ ಅದು ಒಮ್ಮೆಗೇ ವಾಪಸ್ ಬರುತ್ತದೆ. 'ಹನಿ ಇಲ್ಲದೆ ನನಗೆ ನಿದ್ದೆಯೇ ಇಲ್ಲ' ಅಂತ ಜನ ತೀರ್ಮಾನ ಮಾಡುವುದು ಆ ರಾತ್ರಿಗಳಲ್ಲೇ. ಗರ್ಭಿಣಿಯರು, ಹಾಲುಣಿಸುವವರು, ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇರುವವರು ಇದನ್ನು ಮುಟ್ಟಲೇಬಾರದು. ಕೆಲಸಕ್ಕೆ ಮೂತ್ರ ಪರೀಕ್ಷೆ ಇರುವವರು, ದುಬೈಗೆ ಹೊರಟವರು ಕೂಡ ಅಷ್ಟೇ. ಅಲ್ಲಿನ ಏರ್‌ಪೋರ್ಟಿನಲ್ಲಿ ನಿಮ್ಮ ಆಯುರ್ವೇದ ಚೀಟಿ ಯಾರೂ ಓದಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಒಂದು ವಿಷಯ ಪತ್ತೆ ಮಾಡಿ: ನಿಮಗೆ ಗೊರಕೆ ಇದೆಯಾ, ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗಾಗುತ್ತದಾ? ಬಿಪಿ ಇರುವ ನಿಮ್ಮ ವಯಸ್ಸಿನವರಲ್ಲಿ ಸ್ಲೀಪ್ ಅಪ್ನಿಯಾ ಸಾಮಾನ್ಯ. ಇದಕ್ಕೆ ಗಾಂಜಾದ ಔಷಧಿ ಬಳಸಬೇಡಿ ಅಂತ ಅಮೆರಿಕದ ನಿದ್ರಾ ತಜ್ಞರ ಸಂಘ 2018ರಲ್ಲೇ ಹೇಳಿದೆ. ಅದಲ್ಲ, ಬರೀ ನಿದ್ದೆ ಹತ್ತದ ತೊಂದರೆ ಅಂತಾದರೆ, ಮಾತ್ರೆಗಿಂತ ಮೊದಲು ಸಿಬಿಟಿ-ಐ ಅನ್ನುವ ಅಭ್ಯಾಸದ ಚಿಕಿತ್ಸೆ ಕೊಡಬೇಕು ಅಂತ 2016ರಿಂದ ಅಲ್ಲಿನ ವೈದ್ಯರ ಮಾರ್ಗಸೂಚಿಯೇ ಇದೆ. ಕೇಳಲು ಸಪ್ಪೆ ಅನಿಸುತ್ತದೆ. ಎಷ್ಟು ಹೊತ್ತಿಗೆ ಮಲಗಿದರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳುವುದು, ಭಾನುವಾರವೂ. ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂರುವುದು, ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು, ಮಧ್ಯಾಹ್ನದ ಉದ್ದನೆಯ ನಿದ್ದೆ ಬಿಡುವುದು. ಮೊದಲ ವಾರಗಳು ಹಿಂಸೆ, ಹಗಲಲ್ಲಿ ಜೋಲಿ ಹೊಡೆಯುತ್ತೀರಿ, ಆ ದಿನಗಳಲ್ಲಿ ಗಾಡಿ ಓಡಿಸುವಾಗ ಹುಷಾರು. ಸಂಜೆ ಏಳು ಗಂಟೆಗೆ ಮಿರ್ಚಿ ಮಂಡಕ್ಕಿ ತಿಂದು ಮೇಲೊಂದು ಖಡಕ್ ಚಹಾ ಕುಡಿಯುವುದು ನಮ್ಮೂರಿನವರಿಗೆ ಬಿಡಲಾಗದ್ದು, ನನಗೂ ಆಗಲ್ಲ. ಮಂಡಕ್ಕಿ ಇರಲಿ, ಚಹಾ ಮಾತ್ರ ಮಧ್ಯಾಹ್ನಕ್ಕೇ ಮುಗಿಸಿ.

ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಲು ಮುಜುಗರ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ದಿನದ ಇಪ್ಪತ್ನಾಲ್ಕು ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇಷ್ಟೆಲ್ಲಾ ಆದಮೇಲೂ ಹನಿ ನೋಡೇಬಿಡುತ್ತೇನೆ ಅನ್ನುವುದಾದರೆ, ಬಿಪಿ ನೋಡುವ ಡಾಕ್ಟರಿಗೆ ಬಾಟಲಿಯ ಫೋಟೋ ತೋರಿಸಿಯೇ ಮುಂದುವರಿಯಿರಿ. ಅಲ್ಪ್ರಾಜೋಲಾಮ್ ವಾರಕ್ಕೆ ಎಷ್ಟು ಸಲ ತಗೊಳ್ಳುತ್ತೀರಿ ಅಂತ ಅವರಿಗೆ ನಿಜ ಹೇಳಿ. ಗೊರಕೆಯ ವಿಷಯ ಮಾತ್ರ ಮನೆಯವರನ್ನು ಕೇಳಿ, ನಿಮ್ಮನ್ನೇ ನೀವು ಕೇಳಿಕೊಂಡರೆ ಇಲ್ಲ ಅಂತಲೇ ಉತ್ತರ ಬರುತ್ತದೆ.